ಒಂದು ಗಂಟೆ ಎಂಟು ನಿಮಿಷ

ಕಾರು ತೊಳೆಯುವ ಆ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷದಿಂದ ವ್ಯಾಕ್ಸ್ ಹಚ್ಚುತ್ತಿದ್ದವನನ್ನು ಎಲ್ಲರೂ ಪಾಲಿಶಣ್ಣ ಅನ್ನುತ್ತಿದ್ದರು. ಗಿರಾಕಿಗಳ ಫೋನಿನಲ್ಲೂ ಅವನು ಪಾಲಿಶಣ್ಣನೇ. ಬರೀ ತೊಳೆಯೋದಾದರೆ ಮುಕ್ಕಾಲು ಗಂಟೆ, ತೊಳೆದು ವ್ಯಾಕ್ಸ್ ಹಚ್ಚೋದಾದರೆ ಎರಡು ಗಂಟೆ, ಗಾಡಿ ಕಪ್ಪು ಬಣ್ಣದ್ದಾದರೆ ಎರಡೂವರೆ. ಇದನ್ನು ಎಲ್ಲೂ ಬರೆದು ಹಾಕಿರಲಿಲ್ಲ. ರೇಟೂ ಅಷ್ಟೇ. ಹಳೇ ಯಜಮಾನರು ಕುರ್ಚಿಯಿಂದ ಎದ್ದು ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಕೆಸರು ಮೆತ್ತಿದ ಜೀಪಿಗೊಂದು, ನೆರಳಲ್ಲೇ ನಿಂತಿರುವ ಕಾರಿಗೊಂದು ರೇಟು ಹೇಳುತ್ತಿದ್ದರು. ಎಷ್ಟೊತ್ತಾಗುತ್ತೆ ಎಂದು ಯಾರಾದರೂ ಕೇಳಿದರೆ, ಪಾಲಿಶಣ್ಣನ ಕಡೆ ಗದ್ದ ಎತ್ತಿ ತೋರಿಸಿ, "ಅವನನ್ನ ಕೇಳಿ, ನನಗೂ ಹೇಳಲ್ಲ ಅವನು" ಎಂದು ನಗುತ್ತಿದ್ದರು.

ಅವನ ಕೆಲಸಕ್ಕೆ ಒಂದು ಕ್ರಮವಿತ್ತು. ಮೊದಲು ಬರೀ ನೀರು, ಗಾಡಿಯ ಮೈಮೇಲಿನ ಮರಳು ತಾನಾಗಿ ಜಾರಿ ಬೀಳುವವರೆಗೆ. ಆಮೇಲೆ ನೊರೆ. ಸ್ಪಂಜನ್ನು ಒಂದು ಬಕೆಟ್ಟಿನಲ್ಲಿ ಅದ್ದಿದರೆ ಇನ್ನೊಂದರಲ್ಲಿ ಜಾಲಿಸಿಯೇ ಮತ್ತೆ ಗಾಡಿಗೆ ಮುಟ್ಟಿಸಬೇಕು. ಒರೆಸಿ ಒಣಗಿಸಿದ ಮೇಲೆ ಜೇಡಿಮಣ್ಣಿನಂಥ ಒಂದು ಉಂಡೆಯಿಂದ ಇಡೀ ಮೈಯನ್ನು ತೀಡುತ್ತಿದ್ದ. ಕಣ್ಣಿಗೆ ಕಾಣದ ಕೊಳೆಯೆಲ್ಲ ಅದಕ್ಕೆ ಅಂಟಿಕೊಂಡು ಬರುತ್ತಿತ್ತು. ಅಂಗೈ ಇಟ್ಟರೆ ಗಾಜಿನ ಹಾಗೆ ಜಾರಬೇಕು, ಆಗ ವ್ಯಾಕ್ಸಿನ ಡಬ್ಬಿ ತೆಗೆಯುತ್ತಿದ್ದ. ತೆಳ್ಳಗೆ, ಒಂದು ಸಲಕ್ಕೆ ಒಂದೇ ಬಾಗಿಲು. ಅದು ಮಂಜು ಕವಿದ ಹಾಗಾಗುವವರೆಗೆ ಕಾದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ ಹೊಳಪು ತರುತ್ತಿದ್ದ. ಬಾಗಿಲು ತೆಗೆದಾಗ ಮಾತ್ರ ಕಾಣುವ ಒಳ ಅಂಚಿಗೂ ಹಚ್ಚುತ್ತಿದ್ದ. ಅದು ಯಾರ ಕಣ್ಣಿಗೂ ಬೀಳಲ್ಲ ಅಂದರೆ, "ನನ್ನ ಕಣ್ಣಿಗೆ ಬಿತ್ತಲ್ಲ" ಅನ್ನುತ್ತಿದ್ದ.

ಚಕ್ರ ತೊಳೆಯುವ ಕೆಲಸ ಪಾಪುವಿನದು. ಪಾಪು ಅಂದರೆ ಮಗುವಲ್ಲ, ಪಾಲಿಶಣ್ಣನ ಭಾಮೈದ. ನಲವತ್ಮೂರು ವರ್ಷ ದಾಟಿದ, ಆರಡಿ ಎತ್ತರದ ಆಳು. ತಾಯಿ ಸತ್ತಾಗ ನಾಲ್ಕು ವರ್ಷದವನಿದ್ದ. ಅಕ್ಕನೇ ಎತ್ತಿ ಆಡಿಸಿ ಸಾಕಿದಳು, ಮದುವೆಯಾದಾಗ ಕರೆದುಕೊಂಡೇ ಗಂಡನ ಮನೆಗೆ ಬಂದಳು. "ಹೆಂಡತಿ ಒಬ್ಬಳನ್ನ ಒಪ್ಪಿಕೊಂಡೆ, ಇಬ್ಬರು ಬಂದ್ರು" ಎಂದು ಪಾಲಿಶಣ್ಣ ಆಗ ಹೇಳಿದ್ದ ತಮಾಷೆ ಮನೆಯಲ್ಲಿ ಇವತ್ತಿಗೂ ಓಡುತ್ತಿತ್ತು. ಎರಡು ವರ್ಷದ ಕೆಳಗೆ ಪಾಪು ಶೆಡ್ಡಿನ ನೀರಿನ ಟ್ಯಾಂಕ್ ತೊಳೆಯಲು ಹತ್ತಿ ಏಣಿಯಿಂದ ಬಿದ್ದಿದ್ದ. ಬಲಮಂಡಿ ಆಮೇಲೆ ಸರಿಯಾಗಿ ಮಡಚಲಿಲ್ಲ. ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು, ಕಾಲು ಉದ್ದಕ್ಕೆ ಚಾಚಿಕೊಂಡು ಚಕ್ರ ಉಜ್ಜುತ್ತಿದ್ದ. ಒಂದು ಚಕ್ರದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಗಾಡಿ ಹಿಡಿದುಕೊಂಡು ಏಳಬೇಕಿತ್ತು. ನಿಧಾನವಾಗುತ್ತಿತ್ತು, ನಿಜ. ಆದರೆ ಅವನು ತೊಳೆದ ಚಕ್ರದಲ್ಲಿ ಮುಖ ನೋಡಿಕೊಳ್ಳಬಹುದಿತ್ತು.

ಹಳೇ ಯಜಮಾನರು ತೀರಿಹೋದ ಮೇಲೆ ಶೆಡ್ಡು ಮಗಳ ಗಂಡನ ಕೈಗೆ ಬಂತು. ಎದುರಿಗೆ ಸಾರ್, ಬೆನ್ನ ಹಿಂದೆ ಅಳಿಯ. ಕೆಟ್ಟವನೇನಲ್ಲ. ಎಲ್ಲರನ್ನೂ ನೀವು ತಾವು ಅಂತಲೇ ಮಾತಾಡಿಸುತ್ತಿದ್ದ. ಬಂದ ಒಂದೇ ವರ್ಷದಲ್ಲಿ ಊರಿನ ಬೇರೆ ಎರಡು ಕಡೆ ಶೆಡ್ಡು ತೆರೆದ. ಆದರೆ ಬಾಯಿ ಬಿಟ್ಟರೆ ಸಿಸ್ಟಮ್ ಅನ್ನುತ್ತಿದ್ದ. "ಗಿರಾಕಿಗೆ ಎರಡೇ ಪ್ರಶ್ನೆ. ಎಷ್ಟು ದುಡ್ಡು, ಎಷ್ಟು ಹೊತ್ತು. ಎರಡಕ್ಕೂ ನಮ್ಮ ಹತ್ರ ಉತ್ತರ ಇಲ್ಲ ಅಂದ್ರೆ ಹೇಗೆ?" ಎಂದು ಒಂದು ದಿನ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದ. ಮುಂದಿನ ವಾರ ಒಂದು ಕಂಪನಿಯಿಂದ ಯಾರೋ ಬರುತ್ತಾರೆ, ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಅಳೆಯುತ್ತಾರೆ, ಅದರ ಮೇಲೆ ರೇಟಿನ ಬೋರ್ಡು ಮಾಡಿಸುತ್ತೇನೆ ಅಂದ.

ಅಳೆದಾದ ಮೇಲೆ ನಿಧಾನ ಇರುವವರನ್ನು ಮನೆಗೆ ಕಳಿಸುತ್ತಾರಂತೆ ಎಂದು ಕ್ಯಾಶ್ ಕೌಂಟರಿನವಳು ಸುದ್ದಿ ಹಬ್ಬಿಸಿದಳು. ಅವಳಿಗೆ ಯಾರು ಹೇಳಿದರೋ ಗೊತ್ತಿಲ್ಲ. ಆ ಸಂಜೆ ಬಸ್ಸಿನಲ್ಲಿ ಪಾಪು ಮಂಡಿ ನೀವಿಕೊಳ್ಳುತ್ತಾ, "ಮೊದಲ ಚೀಟಿ ನಂದೇ ಭಾವ" ಅಂದ.

"ಸುಮ್ನಿರು. ನಾನಿರೋವಾಗ ನಿನ್ನ ಯಾರು ಮುಟ್ತಾರೆ?"

ಬಾಯಲ್ಲಿ ಹಾಗಂದರೂ ಪಾಲಿಶಣ್ಣನಿಗೂ ಒಳಗೊಳಗೇ ಅಳುಕಿತ್ತು. ಐವತ್ನಾಲ್ಕು ವರ್ಷದ ಭುಜ ಮೊದಲಿನ ಹಾಗಿರಲಿಲ್ಲ. ಬಸ್ಸು ಇಳಿಯುವಷ್ಟರಲ್ಲಿ ಮನಸ್ಸಿನಲ್ಲಿ ಒಂದು ತೀರ್ಮಾನಕ್ಕೆ ಬಂದಿದ್ದ. ಅಳೆಯಲು ಬಂದವರು ಬಾಯಿ ಬಿಟ್ಟುಕೊಂಡು ನೋಡುವ ಹಾಗೆ ಕೆಲಸ ಮಾಡಿ ತೋರಿಸಬೇಕು. ಇವನಂಥವನು ಇನ್ನೊಬ್ಬನಿಲ್ಲ ಎಂದು ಅಳಿಯನಿಗೆ ಗೊತ್ತಾದರೆ, ನಾಳೆ ಪಾಪುವಿನ ಮಾತು ಬಂದಾಗ ತನ್ನ ಮಾತಿಗೆ ತೂಕ ಇರುತ್ತದೆ.

ಅಳೆಯಲು ಬಂದವಳು ಮೂವತ್ತರ ಆಸುಪಾಸಿನ ಹೆಂಗಸು. ಕೈಯಲ್ಲೊಂದು ಟ್ಯಾಬು, ಕೊರಳಲ್ಲೊಂದು ಸ್ಟಾಪ್‌ವಾಚು. ಶೆಡ್ಡಿನವರು ಮಧ್ಯಾಹ್ನದೊಳಗೆ ಅವಳಿಗೆ ಗಡಿಯಾರದಮ್ಮ ಎಂದು ಹೆಸರಿಟ್ಟರು. ಎರಡು ದಿನ ಬೇರೆಯವರು ಬರೀ ತೊಳೆಯೋದನ್ನು ಅಳೆದಳು. ಮೂರನೇ ದಿನ ಬೆಳಿಗ್ಗೆ ಪಾಲಿಶಣ್ಣನ ಹತ್ತಿರ ಬಂದು, "ನಿಮ್ಮದು ವ್ಯಾಕ್ಸ್ ಅಲ್ವಾ? ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ. ನಾನು ಇಲ್ಲ ಅಂದ್ಕೊಳ್ಳಿ. ಗಾಡಿ ಯಾವುದು?" ಎಂದು ಕೇಳಿದಳು.

ಶೆಡ್ಡಿನಲ್ಲಿ ಆಗ ಮೂರು ಗಾಡಿ ನಿಂತಿದ್ದವು. ಒಂದು ಕೆಸರು ಮೆತ್ತಿದ ದೊಡ್ಡ ಗಾಡಿ, ಒಂದು ಕಪ್ಪು ಕಾರು, ಇನ್ನೊಂದು ಔಷಧಿ ಅಂಗಡಿಯವರ ಬೆಳ್ಳಿ ಬಣ್ಣದ ಪುಟ್ಟ ಕಾರು. ಆ ಪುಟ್ಟ ಕಾರು ವಾರ ವಾರ ಬರುವಂಥದ್ದು. ಹಿಂದಿನ ದಿನವೇ ತೊಳೆದಾಗಿತ್ತು. ಅಂಗಡಿಯವರು ಪರವೂರಿಗೆ ಹೋಗಿದ್ದರಿಂದ ವ್ಯಾಕ್ಸಿಗೆ ಅಂತ ಒಳಗೇ ನಿಲ್ಲಿಸಿಕೊಂಡಿದ್ದರು. ಮೈಮೇಲೆ ಒಂದು ಕಣ ಧೂಳಿರಲಿಲ್ಲ. ಪಾಲಿಶಣ್ಣ ಅದನ್ನೇ ತೋರಿಸಿದ.

"ಸಾಮಾನ್ಯವಾಗಿ ಬರೋದು ಇಂಥ ಗಾಡಿಗಳೇನಾ?"

"ಹೂಂ ಮೇಡಂ. ಹೆಚ್ಚುಕಮ್ಮಿ ಇಂಥವೇ."

ಪಾಪು ಹಿಂದಿನ ಚಕ್ರದ ಹತ್ತಿರ ಕೂತಿದ್ದವನು ತಲೆ ಎತ್ತಿ ಭಾವನನ್ನು ನೋಡಿದ. ಮತ್ತೆ ಬ್ರಷ್ಷಿನ ಕಡೆ ತಲೆ ಬಗ್ಗಿಸಿದ.

ಅವತ್ತು ಪಾಲಿಶಣ್ಣ ಮಾಡಿದ ಕೆಲಸವನ್ನು ಶೆಡ್ಡಿನವರು ಬಹಳ ದಿನ ನೆನೆಸಿಕೊಂಡರು. ಗಾಡಿಯ ಸುತ್ತ ನಡೆಯಲಿಲ್ಲ, ಸುತ್ತಿದ. ಬಲಗೈ ವ್ಯಾಕ್ಸ್ ಹಚ್ಚುತ್ತಿದ್ದರೆ ಎಡಗೈ ಹಿಂದಿನ ಬಾಗಿಲು ಒರೆಸುತ್ತಿತ್ತು. ಉಂಡೆ ತೀಡುವಾಗ ತೀಡಲು ಏನೂ ಇರಲಿಲ್ಲವಾದ್ದರಿಂದ ಅದು ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ಅಕ್ಕಪಕ್ಕದವರು ಕೆಲಸ ಬಿಟ್ಟು ಬಂದು ನಿಂತರು. ಯಾರೋ ಶಿಳ್ಳೆ ಹೊಡೆದರು. ಕೊನೆಯ ಬಾಗಿಲಿನ ಒಳ ಅಂಚು ಒರೆಸಿ, ಬಟ್ಟೆ ಕೊಡವಿ ಹೆಗಲ ಮೇಲೆ ಹಾಕಿಕೊಂಡಾಗ ಒಂದು ಗಂಟೆ ಎಂಟು ನಿಮಿಷವಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಳಿಯ ಆಫೀಸಿನ ಬಾಗಿಲಲ್ಲಿ ನಿಂತು ತಾನೂ ತಟ್ಟಿದ.

ಗಡಿಯಾರದಮ್ಮ ಮಾತ್ರ ತಟ್ಟಲಿಲ್ಲ. "ದಿನಾ ಇದೇ ವೇಗಾನಾ?" ಎಂದು ಇನ್ನೊಂದು ಪ್ರಶ್ನೆ ಕೇಳಿದಳು.

ಏದುಸಿರನ್ನು ಮೂಗಿನಲ್ಲೇ ಅದುಮಿಕೊಂಡು ಪಾಲಿಶಣ್ಣ ನಕ್ಕ. "ಇವತ್ತು ಸ್ವಲ್ಪ ನಿಧಾನಾನೇ ಆಯ್ತು ಮೇಡಂ."

ಅವಳು ಅದನ್ನೂ ಬರೆದುಕೊಂಡಳು.

ಮೂರು ವಾರ ಕಳೆದು ಬೋರ್ಡು ಬಂತು. ಗೋಡೆಯ ಅರ್ಧದಷ್ಟು ಅಗಲ, ದೂರದ ರಸ್ತೆಯಿಂದಲೂ ಓದಬಹುದಾದ ಅಕ್ಷರ. ಬೇಸಿಕ್ ವಾಶ್, ನಲವತ್ತು ನಿಮಿಷ, ಮುನ್ನೂರು. ವಾಶ್ ಮತ್ತು ವ್ಯಾಕ್ಸ್, ಒಂದು ಗಂಟೆ ಎಂಟು ನಿಮಿಷ, ಒಂಬೈನೂರು. ಕೆಳಗೆ ಕೆಂಪಿನಲ್ಲಿ, ತಡವಾದರೆ ಅರ್ಧ ಬೆಲೆ. "ಎಂಟು ನಿಮಿಷ ಯಾಕೆ ಸಾರ್, ಹತ್ತು ಅಂತ ಹಾಕಬಾರದಿತ್ತಾ?" ಎಂದು ಕ್ಯಾಶಿನವಳು ಕೇಳಿದ್ದಕ್ಕೆ ಅಳಿಯ, "ಹತ್ತು ಅಂದ್ರೆ ಬಾಯಿಗೆ ಬಂದದ್ದು ಹೇಳಿದ ಹಾಗಿರುತ್ತೆ. ಎಂಟು ಅಂದ್ರೆ ಅಳೆದು ಹೇಳಿದ್ದು ಅಂತ ಜನ ನಂಬ್ತಾರೆ" ಅಂದ. ಪ್ರತಿ ಗಾಡಿ ನಿಲ್ಲುವ ಜಾಗದ ಎದುರು ಒಂದೊಂದು ಗಡಿಯಾರ ಕೂರಿಸಿದರು. ಹಸಿರು ಅಂಕಿ ಇಳಿಯುತ್ತಾ ಬರುತ್ತಿತ್ತು. ಸೊನ್ನೆಯಾದ ಮೇಲೆ ಕೆಂಪಾಗಿ ಏರುತ್ತಿತ್ತು. ಗಿರಾಕಿಗೆ ಬಿಟ್ಟುಕೊಟ್ಟ ಅರ್ಧದಲ್ಲಿ ಒಂದು ಪಾಲು ಆ ಗಾಡಿ ಮಾಡಿದವರ ಕೂಲಿಯಲ್ಲಿ ಮುರಿದುಕೊಳ್ಳುವುದೆಂದು ಆಯಿತು.

ಮೊದಲ ದಿನ ಪಾಲಿಶಣ್ಣನ ಪಾಲಿಗೆ ಬಂದದ್ದು ಒಂದು ಕಪ್ಪು ಜೀಪು, ಚಕ್ರದ ಸಂದಿಯಲ್ಲೆಲ್ಲ ಒಣಗಿದ ಮಣ್ಣು. ಜೀಪಿನವನು ಕುರ್ಚಿಯನ್ನು ಟೀವಿಯ ಕಡೆಯಿಂದ ಗಡಿಯಾರದ ಕಡೆ ತಿರುಗಿಸಿಕೊಂಡು ಕೂತ. ಪಾಪು ಎರಡನೇ ಚಕ್ರ ಮುಗಿಸಿ ಮೂರನೆಯದಕ್ಕೆ ಎದ್ದಾಗಲೇ ಅರ್ಧ ಗಂಟೆ ಕಳೆದಿತ್ತು. ಗಾಡಿ ಮುಗಿದಾಗ ಕೆಂಪು ಅಂಕಿ ಐವತ್ತೊಂದು ತೋರಿಸುತ್ತಿತ್ತು. ಜೀಪಿನವನು ಖುಷಿಯಾಗಿ ಅರ್ಧ ದುಡ್ಡು ಕೊಟ್ಟು, "ನಾಳೆ ನನ್ನ ತಮ್ಮನ ಗಾಡೀನೂ ಕಳಿಸ್ತೀನಿ" ಎಂದು ಹೋದ.

ವಾರ ಕಳೆಯುವಷ್ಟರಲ್ಲಿ ಶೆಡ್ಡಿನ ಮಾತು ಬದಲಾಯಿತು. ಶಿಳ್ಳೆ ಹೊಡೆದವರೇ ಈಗ, "ಏನಣ್ಣಾ, ನಿಮ್ಮ ಟೈಮು ನಿಮಗೇ ಆಗ್ತಿಲ್ವಾ?" ಅನ್ನತೊಡಗಿದರು. ಪಕ್ಕದಲ್ಲಿ ವ್ಯಾಕ್ಸ್ ಹಚ್ಚುವವನೊಬ್ಬ ತನ್ನ ಕೂಲಿ ಚೀಟಿ ನೋಡಿ, ಅದನ್ನು ತಂದು ಪಾಲಿಶಣ್ಣನ ಡಬ್ಬಿಯ ಮೇಲಿಟ್ಟು ಹೋದ. ಅದು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಪಾಲಿಶಣ್ಣ ಅಳಿಯನ ಆಫೀಸಿಗೆ ಹೋದ. ಕೂರಿ ಅಂದರೂ ಕೂರಲಿಲ್ಲ.

"ಸಾರ್, ಆ ಟೈಮು ಸುಳ್ಳು."

"ಅಂದ್ರೆ?"

"ಅವತ್ತಿನ ಗಾಡಿ ಹಿಂದಿನ ದಿನಾನೇ ತೊಳೆದಿತ್ತು. ನಾನೇ ಬೇಕು ಅಂತ ಅದನ್ನ ತಗೊಂಡೆ. ದಿನಾ ಹಾಗೆ ಮಾಡಕ್ಕಾಗಲ್ಲ ಸಾರ್. ತಪ್ಪು ನಂದು. ಬೇಕಾದ್ರೆ ನನ್ನ ಕೂಲಿ ಮುರ್ಕೊಳ್ಳಿ, ಬೋರ್ಡು ಬದಲಾಯಿಸಿ."

ಅಳಿಯ ಕುರ್ಚಿಗೆ ಒರಗಿದ. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು ಎಂದು ಪಾಲಿಶಣ್ಣನಿಗೆ ಆಮೇಲೆ ಅನ್ನಿಸಿತು.

"ನೀವು ಒಳ್ಳೆಯವರು, ಬೇರೆಯವರಿಗೋಸ್ಕರ ಹೀಗೆ ಹೇಳ್ತಿದ್ದೀರಿ. ನಾನೇ ಕಣ್ಣಾರೆ ನೋಡಿದ್ದೀನಲ್ಲ. ಮೂರು ಶೆಡ್ಡಿಗೂ ಅದೇ ಬೋರ್ಡು ಹಾಕಿದ್ದೀವಿ. ಈ ವಾರ ಗಾಡಿ ದುಪ್ಪಟ್ಟು ಬಂದಿದೆ. ಒಂದು ಸಲ ಆಗಿದ್ದು ಇನ್ನೊಂದು ಸಲ ಯಾಕೆ ಆಗಲ್ಲ? ಅಭ್ಯಾಸ ಆಗುತ್ತೆ ಬಿಡಿ."

ಗಡಿಯಾರದಮ್ಮನ ಫೋನ್ ನಂಬರನ್ನು ಕ್ಯಾಶಿನವಳಿಂದ ಗೋಗರೆದು ತೆಗೆದುಕೊಂಡು, ಊಟದ ಹೊತ್ತಿಗೆ ಪಾಲಿಶಣ್ಣ ಟ್ಯಾಂಕಿನ ಹಿಂದೆ ನಿಂತು ಫೋನ್ ಮಾಡಿದ. ಅವಳ ಹಿಂದೆ ಯಂತ್ರಗಳ ಸದ್ದು ಕೇಳುತ್ತಿತ್ತು, ಈಗ ಒಂದು ಲಾಂಡ್ರಿಯಲ್ಲಿ ಅಳೆಯುತ್ತಿದ್ದೇನೆ ಅಂದಳು. ಅವನು ಹೇಳಿದ್ದೆಲ್ಲ ಕೇಳಿಸಿಕೊಂಡಳು.

"ನಾನು ಎರಡು ಸಲ ಕೇಳಿದೆ ಅಲ್ವಾ ನಿಮ್ಮನ್ನ?"

"ಕೇಳಿದ್ರಿ ಮೇಡಂ."

"ನನಗೂ ಅನುಮಾನ ಇತ್ತು. ಆದ್ರೆ ಕೆಲಸ ಮಾಡೋರು ಹೇಳಿದ್ದನ್ನ ಬಿಟ್ಟು ನನ್ನ ಅನುಮಾನ ಬರೆಯಕ್ಕಾಗಲ್ಲ." ಮೆತ್ತಗೆ, "ಆ ಫೈಲು ಮುಗಿದುಹೋಯ್ತಣ್ಣ" ಅಂದಳು.

ಆಮೇಲೆ ಪಾಲಿಶಣ್ಣ ತನಗೆ ತಿಳಿದ ಒಂದೇ ದಾರಿ ಹಿಡಿದ. ಪಾಪು ಎರಡು ಚಕ್ರ ಮಾಡುವಷ್ಟರಲ್ಲಿ ಉಳಿದೆರಡನ್ನು ತಾನೇ ಮೊಣಕಾಲೂರಿ ಉಜ್ಜಿದ. ಊಟಕ್ಕೆ ಕೂರುವುದು ಬಿಟ್ಟ. ಸಂಜೆ ಬಸ್ಸಿನ ಕಂಬಿ ಹಿಡಿಯಲು ಬಲಗೈ ಮೇಲೇಳುತ್ತಿರಲಿಲ್ಲ. ಆದರೂ ಕೆಂಪು ಅಂಕಿ ಇಪ್ಪತ್ತಕ್ಕಿಂತ ಕೆಳಗೆ ಇಳಿಯಲಿಲ್ಲ. ಎರಡನೇ ತಿಂಗಳು ಅಳಿಯ ಅವನನ್ನು ಪಕ್ಕಕ್ಕೆ ಕರೆದು, ನಿಮ್ಮ ಭಾಮೈದನಿಗೆ ಈ ಕೆಲಸ ಆಗಲ್ಲ, ತಿಂಗಳ ಕೊನೆಗೆ ಬಿಡಿಸಬೇಕು, ನಾನು ಹೇಳಿದರೆ ಬೇಜಾರಾಗುತ್ತೆ, ಮನೆಯವರು ನೀವೇ ಸಮಾಧಾನವಾಗಿ ಹೇಳಿ, ಅಂದ. ತೂಕ ಇರಬೇಕಾಗಿದ್ದ ಮಾತುಗಳ ಪೈಕಿ ಪಾಲಿಶಣ್ಣನಿಗೆ ಸಿಕ್ಕಿದ್ದು ಒಂದೇ. "ಏಣಿಯಿಂದ ಬಿದ್ದಿದ್ದು ಇಲ್ಲೇ ಸಾರ್" ಎಂದ. "ಗೊತ್ತು. ಅದಕ್ಕೇ ಇಷ್ಟು ದಿನ ಇಟ್ಕೊಂಡಿದ್ದು" ಎಂದ ಅಳಿಯ.

ನಾಲ್ಕು ದಿನ ಹೇಳಲಾಗದೆ ಒದ್ದಾಡಿದ. ಐದನೆಯ ದಿನ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಇಬ್ಬರೇ ಕೂತಿದ್ದಾಗ ಪಾಪುವೇ ಶುರುಮಾಡಿದ.

"ಭಾವ, ನನಗೆ ಹೇಳೋದಕ್ಕೆ ನಿಮಗೆ ಹೇಳಿದ್ದಾರೆ ಅಲ್ವಾ?"

"ಯಾರಂದ್ರು?"

"ಯಾರೂ ಅನ್ನಲಿಲ್ಲ. ನಾಲ್ಕು ದಿನದಿಂದ ನೀವು ನನ್ನ ಬೈದಿಲ್ಲ."

ಪಾಲಿಶಣ್ಣನಿಗೆ ತಡೆಯಲಾಗಲಿಲ್ಲ. ಬೆಳ್ಳಿ ಬಣ್ಣದ ಕಾರಿನ ವಿಷಯ, ತಾನು ಬೇಕೆಂದೇ ಅದನ್ನು ಆರಿಸಿದ್ದು, ಅವಳು ಕೇಳಿದಾಗ ಸುಳ್ಳು ಹೇಳಿದ್ದು, ಎಲ್ಲವನ್ನೂ ಹೇಳಿದ. ಪಾಪು ರಸ್ತೆ ನೋಡುತ್ತಾ ಕೇಳಿಸಿಕೊಂಡ.

"ಗೊತ್ತಿತ್ತು ಭಾವ. ಹಿಂದಿನ ದಿನ ಅದರ ಚಕ್ರ ತೊಳೆದಿದ್ದು ನಾನೇ ತಾನೇ."

"ಮತ್ತೆ ಆಗಲೇ ಯಾಕೆ ಬಾಯಿ ಬಿಡಲಿಲ್ಲ?"

"ಏನಂತ ಬಿಡ್ಲಿ? ಅವಳ ಮುಂದೆ ನಿಮ್ಮ ಮರ್ಯಾದೆ ತೆಗೀಲಾ? ಆಮೇಲೆ, ನಿಜ ಹೇಳ್ಲಾ, ನೋಡಕ್ಕೆ ಚೆನ್ನಾಗಿತ್ತು ಭಾವ. ನೀವು ಹಾಗೆ ಕೆಲಸ ಮಾಡಿದ್ದು ನಾನು ಯಾವತ್ತೂ ನೋಡಿರಲಿಲ್ಲ."

ಬಸ್ಸು ಬಂತು. ಇಬ್ಬರೂ ಏಳಲಿಲ್ಲ. ಅದು ಹೋಯಿತು.

ತಿಂಗಳ ಕೊನೆಗೆ ಕಾಯದೆ ಪಾಪು ತಾನೇ ಕೆಲಸ ಬಿಟ್ಟ. ಎಂಟು ಗಂಟೆ ಪ್ರಯಾಣದ ದೂರದಲ್ಲಿ ಒಂದು ಗೋದಾಮಿತ್ತು. ರಾತ್ರಿಯಿಡೀ ಗೇಟಿನಲ್ಲಿ ಕೂರುವ ಕೆಲಸ, ಅಲ್ಲೇ ಒಂದು ಕೋಣೆ. ಮಂಡಿಗೆ ಒಳ್ಳೆಯದು, ಕೂತೇ ಇರಬಹುದು ಎಂದು ಅಕ್ಕನಿಗೆ ಹೇಳಿದ. ಅಕ್ಕ ನಂಬಲಿಲ್ಲ. ಅವನ ಬಟ್ಟೆಗಳನ್ನು ಚೀಲಕ್ಕೆ ಹಾಕುತ್ತಾ, ತೆಗೆಯುತ್ತಾ, ಮತ್ತೆ ಮಡಿಸಿ ಹಾಕುತ್ತಾ ಒಂದು ಇಡೀ ಬೆಳಿಗ್ಗೆ ಕಳೆದಳು. ಅವನು ಹೋದ ಮೇಲೆ ಗಂಡನ ಎದುರು ಬಂದು ನಿಂತಳು.

"ರೀ, ಏನಾಯ್ತು ನಿಜ ಹೇಳಿ."

ಹೇಳಿದ. ಒಂದು ಮಾತೂ ಮುಚ್ಚಿಡಲಿಲ್ಲ. ಅವಳು ಕಿರುಚಾಡುತ್ತಾಳೆ ಅಂದುಕೊಂಡಿದ್ದ. ಅವಳು ಬಾಗಿಲ ಚೌಕಟ್ಟಿಗೆ ಒರಗಿ, "ಅವತ್ತು ಮನೆಗೆ ಬಂದು ಎಷ್ಟು ಖುಷಿಯಾಗಿ ಹೇಳಿದ್ರಿ, ಚಪ್ಪಾಳೆ ತಟ್ಟಿದ್ರು ಅಂತ. ನಾನೂ ಪಕ್ಕದ ಮನೆಯವರಿಗೆಲ್ಲ ಹೇಳ್ಕೊಂಡು ಬಂದೆ" ಅಂದಳು. ಅಷ್ಟೇ. ಮರುದಿನದಿಂದ ಅವಳು ಶೆಡ್ಡಿನ ಸುದ್ದಿ ಕೇಳುವುದನ್ನು ಬಿಟ್ಟಳು. ಮಾತು ನಿಲ್ಲಿಸಲಿಲ್ಲ. ಊಟಕ್ಕೆ ಕರೆಯುತ್ತಿದ್ದಳು, ಭುಜಕ್ಕೆ ಎಣ್ಣೆ ಬಿಸಿ ಮಾಡಿ ತಂದಿಡುತ್ತಿದ್ದಳು. ಹಚ್ಚುತ್ತಿರಲಿಲ್ಲ, ತಂದಿಡುತ್ತಿದ್ದಳು.

ಪಾಪುವಿನ ಜಾಗಕ್ಕೆ ಬಂದವನು ನಾಲ್ಕು ಚಕ್ರ ಆರು ನಿಮಿಷದಲ್ಲಿ ಮುಗಿಸುತ್ತಿದ್ದ. ಪ್ರೆಶರ್ ಗನ್ ಹಿಡಿದು ದೂರದಿಂದ ನೀರು ಹೊಡೆದು, ಮೇಲೊಂದು ಹೊಳಪಿನ ಸ್ಪ್ರೇ ಹಾಕಿಬಿಡುತ್ತಿದ್ದ. ಪಾಲಿಶಣ್ಣ ಮೊದಮೊದಲು ಬೈದ. ಆಮೇಲೆ ನೋಡಿದ. ಒಂದು ದಿನ, ಮೂರು ಗಾಡಿ ಸಾಲಾಗಿ ಕಾಯುತ್ತಿದ್ದಾಗ, ಉಂಡೆ ತೀಡುವುದನ್ನು ಬಿಟ್ಟು ನೇರವಾಗಿ ವ್ಯಾಕ್ಸ್ ಹಚ್ಚಿದ. ಗಿರಾಕಿ ಬಂದ, ಗಾಡಿಯ ಸುತ್ತ ಬಂದ, ಕೀ ತೆಗೆದುಕೊಂಡು ಹೋದ. ಮುಂದಿನ ವಾರ ಎರಡು ಬಕೆಟ್ಟು ಒಂದಾಯಿತು. ಆಮೇಲೆ ವ್ಯಾಕ್ಸು ಮಂಜಾಗುವವರೆಗೆ ಕಾಯುವುದು ನಿಂತಿತು. ಬಾಗಿಲ ಒಳ ಅಂಚನ್ನು ಬಿಡಲು ಮಾತ್ರ ಬಹಳ ದಿನ ಹಿಡಿಯಿತು. ಕೊನೆಗೆ ಅದನ್ನೂ ಬಿಟ್ಟ. ಅವತ್ತು ಗಡಿಯಾರದಲ್ಲಿ ಇನ್ನೂ ಎರಡು ನಿಮಿಷ ಹಸಿರು ಉಳಿದಿತ್ತು. "ನಾನು ಹೇಳ್ಲಿಲ್ವಾ, ಅಭ್ಯಾಸ ಆಗುತ್ತೆ ಅಂತ" ಎಂದು ಅಳಿಯ ಬೆನ್ನು ತಟ್ಟಿದ.

ಯಾರಾದರೂ ಕಂಡುಹಿಡಿದಾರು ಎಂಬ ಒಂದು ಆಸೆ ಅವನಿಗಿತ್ತು. ಎಲ್ಲರಿಗಿಂತ ಹೆಚ್ಚಾಗಿ ಟೀಚರಮ್ಮನ ಮೇಲೆ. ಹದಿನೆಂಟು ವರ್ಷದಿಂದ ಅದೇ ಕಡುನೀಲಿ ಕಾರನ್ನು ಅವನ ಕೈಗೇ ಕೊಡುತ್ತಿದ್ದವರು. ರಿಟೈರಾಗಿದ್ದರೂ ತಪ್ಪು ಹುಡುಕುವ ಕಣ್ಣು ಹಾಗೇ ಇತ್ತು. ಒಮ್ಮೆ ಕನ್ನಡಿಯ ಕೆಳಗೆ ಅಕ್ಕಿಕಾಳಿನಷ್ಟು ವ್ಯಾಕ್ಸು ಉಳಿದಿದ್ದಕ್ಕೆ ಅವನನ್ನು ಕರೆಸಿ ಬೈದಿದ್ದರು.

ಅವರ ಗಾಡಿ ಬಂದಾಗ ಪಾಲಿಶಣ್ಣ ಬೇರೆ ಗಾಡಿಗಳಿಗೆ ಮಾಡಿದ ಹಾಗೇ ಮಾಡಿದ. ಹೆಚ್ಚಿಲ್ಲ, ಕಡಿಮೆಯಿಲ್ಲ. ಆಮೇಲೆ ಬಟ್ಟೆ ಹಿಂಡುತ್ತಾ ಪಕ್ಕದಲ್ಲೇ ನಿಂತ. ಟೀಚರಮ್ಮ ಕನ್ನಡಕ ಸರಿಮಾಡಿಕೊಂಡು ಬಾನೆಟ್ಟಿನ ಮೇಲೆ ಬಗ್ಗಿದರು. ಅಂಗೈ ಇಟ್ಟು ಉದ್ದಕ್ಕೂ ಸವರಿದರು. ಆ ಅಂಗೈಗೆ ಒರಟು ಸಿಕ್ಕಲೇಬೇಕು, ತೀಡದ ಮೈ ಅದು, ಎಂದು ಅವನು ಬಟ್ಟೆ ಹಿಂಡುವುದನ್ನು ನಿಲ್ಲಿಸಿದ. ಅವರು ಬಾಗಿಲು ತೆಗೆದರು. ಒಳ ಅಂಚಿನಲ್ಲಿ ನೀರಿನ ಗೆರೆ ಒಣಗಿ ಬೆಳ್ಳಗೆ ನಿಂತಿತ್ತು. ಕೈಚೀಲವನ್ನು ಪಕ್ಕದ ಸೀಟಿಗೆ ಎಸೆದು ಒಳಗೆ ಕೂತರು.

"ನಿಮ್ಮ ಕೈ ಅಂದ್ರೆ ಕೈ" ಅಂದರು ಕಿಟಕಿ ಇಳಿಸಿ. "ಈಗಂತೂ ಎಷ್ಟು ಬೇಗ ಮುಗಿಸ್ತೀರಿ! ಅಲ್ಲ, ಇಷ್ಟಕ್ಕೆ ಹದಿನೆಂಟು ವರ್ಷ ನನ್ನ ಎರಡೆರಡು ಗಂಟೆ ಯಾಕೆ ಕಾಯಿಸಿದ್ರಿ?"

"ಆಗ ಬೇರೆ ಥರ ಮಾಡ್ತಿದ್ವಿ ಅಮ್ಮ."

"ಏನೋಪ್ಪ, ನನಗೇನೂ ವ್ಯತ್ಯಾಸ ಕಾಣಲ್ಲ" ಎಂದು ನಕ್ಕು ಗಾಡಿ ತೆಗೆದರು.

ಆ ಸಂಜೆ ಅವನು ಮನೆಗೆ ಬಂದಾಗ ಹೆಂಡತಿ ತಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಊಟ ಆಯ್ತಾ, ಮಂಡಿ ಹೇಗಿದೆ, ಹೊದ್ದುಕೊಳ್ಳೋಕೆ ಇದೆಯಾ. ಗಂಡನನ್ನು ಕಂಡು ಫೋನನ್ನು ಅವನ ಕಡೆ ಚಾಚಿದಳು. ತೆಗೆದುಕೊಂಡ.

"ಭಾವ, ಶೆಡ್ಡು ಹೇಗಿದೆ?" ಎಂದ ಪಾಪು.

"ಚೆನ್ನಾಗಿದೆ."

"ಟೈಮು ಸಿಗ್ತಿದೆಯಾ?"

"ಸಿಗ್ತಿದೆ."

"ನೋಡಿದ್ರಾ, ನಾನೇ ನಿಧಾನ ಮಾಡ್ತಿದ್ದಿದ್ದು" ಎಂದ ಪಾಪು, ನಿಜವಾಗಿಯೂ ಸಮಾಧಾನವಾದವನ ಹಾಗೆ. ಹಾಗಲ್ಲ ಎಂದು ಹೇಳಬೇಕಾದರೆ ಏನೇನೆಲ್ಲ ಹೇಳಬೇಕಾಗುತ್ತದೆ ಎಂದು ಪಾಲಿಶಣ್ಣ ಯೋಚಿಸುತ್ತಾ ನಿಂತ. ಅಷ್ಟರಲ್ಲಿ ಆ ಕಡೆ ಲಾರಿಯೊಂದು ಹಾರ್ನ್ ಮಾಡಿತು. ಗೇಟು ತೆಗೀಬೇಕು ಭಾವ, ಇಡ್ತೀನಿ, ಎಂದು ಪಾಪು ಫೋನ್ ಇಟ್ಟ. ಪಾಲಿಶಣ್ಣ ಫೋನನ್ನು ಹೆಂಡತಿಗೆ ವಾಪಸು ಕೊಟ್ಟ. ಅವಳು ಅದನ್ನು ಸೆರಗಿನಲ್ಲಿ ಒರೆಸಿ ಕಿಟಕಿಯ ಮೇಲಿಟ್ಟು ಒಳಗೆ ಹೋದಳು.